ಹದಿಹರೆಯ: ಒಂದು ವಯಸ್ಸಿನ ಹಲವು ಹೆಸರುಗಳು

ಕನ್ನಡದಲ್ಲಿ ಎಣಿಸುವಾಗ ಹನ್ನೊಂದು, ಹನ್ನೆರಡು ದಾಟಿದ ಕೂಡಲೇ ಒಂದು 'ಹದಿ' ಬಂದು ಸೇರಿಕೊಳ್ಳುತ್ತದೆ. ಹದಿಮೂರು, ಹದಿನಾಲ್ಕು, ಹದಿನೈದು, ಹೀಗೆ ಹದಿನೆಂಟರವರೆಗೆ ಜೊತೆಗಿದ್ದು, ಹತ್ತೊಂಬತ್ತಕ್ಕೆ ಬರುವಾಗ ಕೈ ಬಿಡುತ್ತದೆ. ಈ 'ಹದಿ'ಯನ್ನು ಪ್ರಾಯ ಎಂಬ ಅರ್ಥದ 'ಹರೆಯ'ಕ್ಕೆ ಕೂಡಿಸಿ ಯಾರೋ ಜಾಣರು 'ಹದಿಹರೆಯ' ಎಂಬ ಪದ ಕಟ್ಟಿದ್ದಾರೆ. ಇಂಗ್ಲಿಷಿನ 'ಟೀನ್ ಏಜ್' ಪಕ್ಕದಲ್ಲಿಟ್ಟು ನೋಡಿದರೆ ಎರಡರ ಅಚ್ಚೂ ಒಂದೇ. ವ್ಯತ್ಯಾಸ ಒಂದು ವರ್ಷದ್ದು ಮಾತ್ರ. ಇಂಗ್ಲಿಷಿನ 'ಟೀನ್' ಹತ್ತೊಂಬತ್ತರವರೆಗೂ ಎಳೆಯುತ್ತದೆ, ನಮ್ಮ 'ಹದಿ' ಹದಿನೆಂಟಕ್ಕೆ ಮುಗಿಯುತ್ತದೆ. ಮತ ಹಾಕುವ ಹಕ್ಕು ದೊರೆಯುವುದೂ, ಕಾನೂನಿನ ಕಣ್ಣಿಗೆ ಮಕ್ಕಳು ದೊಡ್ಡವರಾಗುವುದೂ ಆ ಹದಿನೆಂಟಕ್ಕೇ. ಕಾಕತಾಳೀಯವೇ ಸರಿ, ಆದರೆ ಚೆಂದದ ಕಾಕತಾಳೀಯ. ಉರ್ದುವಿಗೆ ಈ ಭಾಗ್ಯವಿಲ್ಲ. ತೇರಾ, ಚೌದಾ, ಪಂದ್ರಾ ಎಂದು ಎಣಿಸುವ ಭಾಷೆಯಲ್ಲಿ ಎಲ್ಲ ಅಂಕೆಗಳಿಗೂ ಅಂಟಿಕೊಂಡ ಇಂಥ ಒಂದು ತುಂಡು ಸಿಗುವುದಿಲ್ಲ. ಹಾಗಾಗಿ ಉರ್ದು ಪತ್ರಿಕೆಗಳು 'ನೌ ಉಮ್ರ್' ಎನ್ನುತ್ತವೆ, ಇಲ್ಲವೇ 'ಟೀನ್ ಏಜರ್' ಎಂದು ಇಂಗ್ಲಿಷನ್ನೇ ಉರ್ದು ಲಿಪಿಯಲ್ಲಿ ಬರೆದು ಬಿಡುತ್ತವೆ.

ಈ 'ಟೀನ್ ಏಜರ್' ಕೂಡಾ ಹಳೆಯ ಪದವೇನಲ್ಲ. ಅದು ಅಮೆರಿಕದಲ್ಲಿ ಎಲ್ಲರ ಬಾಯಿಗೆ ಬಂದದ್ದು 1940ರ ದಶಕದಲ್ಲಿ. ಹಿಂದಿನ ತಲೆಮಾರಿನಲ್ಲಿ ಹದಿನಾಲ್ಕಕ್ಕೆ ಹೊಲಕ್ಕೋ ಗಿರಣಿಗೋ ಹೋಗುತ್ತಿದ್ದ ಮಕ್ಕಳು ಈಗ ಹೈಸ್ಕೂಲಿನಲ್ಲಿ ಕುಳಿತಿದ್ದರು. ಕೈಯಲ್ಲಿ ಸ್ವಲ್ಪ ಕಾಸಿತ್ತು, ಸಂಜೆ ಸ್ವಲ್ಪ ಬಿಡುವಿತ್ತು. ಅಂಗಡಿಯವರ ಕಣ್ಣು ಮೊದಲು ಬಿದ್ದದ್ದು ಆ ಕಾಸಿನ ಮೇಲೆ. 1944ರಲ್ಲಿ ಹುಡುಗಿಯರಿಗೆಂದೇ 'ಸೆವೆಂಟೀನ್' ಎಂಬ ಪತ್ರಿಕೆ ಹೊರಟಿತು. ಪದ ಊರಿಗೆಲ್ಲ ಹರಡುವುದರಲ್ಲಿ ಸಂತೆಯ ಪಾಲು ದೊಡ್ಡದು.

ವಿದ್ವಾಂಸರ ಪದ 'ಅಡೋಲೆಸೆನ್ಸ್'ಗೆ ವಯಸ್ಸು ಹೆಚ್ಚು. ಲ್ಯಾಟಿನ್ನಿನಲ್ಲಿ 'ಅಡೋಲೆಸೆರೆ' ಎಂದರೆ ಬೆಳೆಯುವುದು. ಆ ಒಂದೇ ಕ್ರಿಯಾಪದದಿಂದ ಎರಡು ಪದ ಹುಟ್ಟಿದವು: ಬೆಳೆಯುತ್ತಿರುವವನು 'ಅಡೋಲೆಸೆನ್ಸ್', ಬೆಳೆದು ಮುಗಿದವನು 'ಅಡಲ್ಟಸ್'. ಇಂದಿನ 'ಅಡಲ್ಟ್' ಈ ಎರಡನೆಯದರ ಮಗ. ಆದರೆ ರೋಮನ್ನರು ಬೆಳೆಯಲು ಕೊಟ್ಟ ಸಮಯವನ್ನು ಕೇಳಿದರೆ ನಗು ಬರುತ್ತದೆ. ಕ್ರಿಸ್ತಪೂರ್ವ 63ರಲ್ಲಿ ಕಾನ್ಸಲ್ ಪದವಿಯಲ್ಲಿದ್ದುಕೊಂಡು ಬಂಡಾಯವೊಂದನ್ನು ಅಡಗಿಸಿದ ವಾಗ್ಮಿ ಸಿಸಿರೊ, ಮುದುಕನಾದ ಮೇಲೆ ಆ ದಿನಗಳನ್ನು ನೆನೆಯುತ್ತಾ ತಾನಾಗ 'ಅಡೋಲೆಸೆನ್ಸ್' ಆಗಿದ್ದೆ ಎಂಬಂತೆ ಮಾತಾಡುತ್ತಾನೆ. ಆಗ ಅವನಿಗೆ ನಲವತ್ತು ದಾಟಿತ್ತು! ನನ್ನಂಥವರಿಗೆ ಇದೊಂದು ಸಮಾಧಾನ. ಕ್ರಿ.ಶ. 636ರಲ್ಲಿ ತೀರಿಕೊಂಡ ಸೆವಿಲ್ಲೆಯ ಬಿಷಪ್ ಇಸಿಡೋರ್ ತನ್ನ ವಿಶ್ವಕೋಶದಲ್ಲಿ ಮನುಷ್ಯನ ಆಯುಸ್ಸನ್ನು ಆರು ಭಾಗ ಮಾಡಿ, ಏಳರವರೆಗೆ ಶೈಶವ, ಹದಿನಾಲ್ಕರವರೆಗೆ ಬಾಲ್ಯ, ಇಪ್ಪತ್ತೆಂಟರವರೆಗೆ 'ಅಡೋಲೆಸೆನ್ಷಿಯಾ' ಎಂದ. ಯೌವನಕ್ಕೆ ಐವತ್ತರವರೆಗೆ ಅವಕಾಶವಿತ್ತು.

ಅಂದರೆ ಪದ ಹಳೆಯದು, ಅದರೊಳಗಿನ ಅರ್ಥ ಹೊಸದು. ಇಂದು ನಾವು ಆ ಪದ ಕೇಳಿದಾಗ ನೆನೆಯುವ ಮುನಿಸು, ಕನ್ನಡಿಯ ಮುಂದಿನ ಹೊತ್ತು, ಬಾಗಿಲು ದಡಾರನೆ ಮುಚ್ಚುವುದು ಇವೆಲ್ಲ ಅದಕ್ಕೆ ಗಟ್ಟಿಯಾಗಿ ಅಂಟಿದ್ದು 1904ರಲ್ಲಿ. ಆ ವರ್ಷ ಅಮೆರಿಕದ ಮನಶ್ಶಾಸ್ತ್ರಜ್ಞ ಜಿ. ಸ್ಟ್ಯಾನ್ಲಿ ಹಾಲ್ ಇದೇ ಹೆಸರಿನ ಎರಡು ಸಂಪುಟಗಳ ಗ್ರಂಥ ಪ್ರಕಟಿಸಿ, ಈ ವಯಸ್ಸು ಬಿರುಗಾಳಿಯ ವಯಸ್ಸು ಎಂದ. 1928ರಲ್ಲಿ ಮಾರ್ಗರೆಟ್ ಮೀಡ್ ಎಂಬ ತರುಣಿ ಸಮೋವಾ ದ್ವೀಪದಿಂದ ಮರಳಿ, ಅಲ್ಲಿನ ಹುಡುಗಿಯರಲ್ಲಿ ತನಗೆ ಅಂಥ ಗಾಳಿ ಕಾಣಿಸಲಿಲ್ಲ ಎಂದು ಬರೆದಳು. 1983ರಲ್ಲಿ ಡೆರೆಕ್ ಫ್ರೀಮನ್ ಆಕೆಯ ಮಾತನ್ನು ಅಲ್ಲಗಳೆದ. ಆ ಜಗಳ ಪೂರ್ತಿ ತೀರಿಲ್ಲ. ನೂರೆಂಬತ್ತಕ್ಕೂ ಹೆಚ್ಚು ಸಮಾಜಗಳ ವಿವರಗಳನ್ನು ಜಾಲಾಡಿ 1991ರಲ್ಲಿ ಪುಸ್ತಕ ಬರೆದ ಆಲಿಸ್ ಶ್ಲೇಗಲ್ ಮತ್ತು ಹರ್ಬರ್ಟ್ ಬ್ಯಾರಿ ಹೇಳಿದ್ದು ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ: ಬಾಲ್ಯಕ್ಕೂ ಪ್ರೌಢಿಮೆಗೂ ನಡುವಿನ ಒಂದು ಘಟ್ಟ ಹೆಚ್ಚುಕಡಿಮೆ ಎಲ್ಲೆಡೆ ಇದೆ, ಆದರೆ ಅದಕ್ಕೊಂದು ಪ್ರತ್ಯೇಕ ಹೆಸರು ಅನೇಕ ಕಡೆ ಇಲ್ಲ.

ಹೆಸರಿಟ್ಟವರಾದರೂ ಯಾವುದನ್ನು ನೋಡಿ ಇಟ್ಟರು? ಸಂಸ್ಕೃತದ 'ಕಿಶೋರ' ಮೂಲತಃ ಕುದುರೆಯ ಮರಿ. ಕಾಲು ಉದ್ದವಾಗಿ, ಮೈ ಇನ್ನೂ ತುಂಬದೆ, ನಿಂತಲ್ಲಿ ನಿಲ್ಲದ ಪ್ರಾಣಿ. ಹದಿನಾಲ್ಕರ ಹುಡುಗನನ್ನು ಮನೆಯಲ್ಲಿಟ್ಟುಕೊಂಡವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಮರಿಕುದುರೆ ಓಡುತ್ತಾ ಓಡುತ್ತಾ ಇಂದು ಸರಕಾರಿ ಕಡತದೊಳಗೆ ಬಂದು ಕಟ್ಟಿಸಿಕೊಂಡಿದೆ. 2014ರಲ್ಲಿ ಶುರುವಾದ ಆರೋಗ್ಯ ಯೋಜನೆಗೆ 'ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ' ಎಂದು ಹೆಸರು. 2016ರ ತಿದ್ದುಪಡಿಯ ನಂತರ ಹದಿನಾಲ್ಕರಿಂದ ಹದಿನೆಂಟರೊಳಗಿನ ದುಡಿಯುವ ಮಕ್ಕಳು 'ಕಿಶೋರ ಕಾರ್ಮಿಕರು'. ಜರ್ಮನರು ಒಂದು ಕಾಲದಲ್ಲಿ ಈ ವಯಸ್ಸಿನ ಹುಡುಗಿಯನ್ನು 'ಬಾಕ್‌ಫಿಶ್' ಎನ್ನುತ್ತಿದ್ದರು, ಹುರಿಯುವುದಕ್ಕಷ್ಟೇ ಆಗುವ ಚಿಕ್ಕ ಮೀನು ಎಂದರ್ಥ. ಸ್ಪ್ಯಾನಿಷರಿಗೆ ಇದು ಟರ್ಕಿ ಕೋಳಿಯ ವಯಸ್ಸು, ಫ್ರೆಂಚರಿಗೆ ಕೃತಘ್ನ ವಯಸ್ಸು. ರಷ್ಯನ್ನರ 'ಪದ್ರೋಸ್ತಕ್' ಬೆಳವಣಿಗೆಯಿಂದಲೇ ಬಂದ ಪದ. ದಸ್ತಯೇವ್‌ಸ್ಕಿ 1875ರ ತನ್ನ ಕಾದಂಬರಿಯೊಂದಕ್ಕೆ ಅದನ್ನೇ ಹೆಸರಾಗಿಟ್ಟ. ಪೂರ್ವದ ಕಡೆಗೆ ಹೋದರೆ ಮಾತು ಮೃದುವಾಗುತ್ತದೆ. ಜಪಾನೀಯರು ಇದನ್ನು ವಸಂತವನ್ನು ನೆನೆಯುವ ಕಾಲ ಎನ್ನುತ್ತಾರೆ, ಚೀನೀಯರು ಹಸಿರು ವಸಂತದ ಕಾಲ ಎನ್ನುತ್ತಾರೆ. ಟ್ಯಾಂಗ್ ಕಾಲದ ಕವಿ ದು ಮು ಒಬ್ಬ ಹದಿಮೂರರ ಹುಡುಗಿಯನ್ನು ಏಲಕ್ಕಿಯ ಜಾತಿಯ ಮೊಗ್ಗಿಗೆ ಹೋಲಿಸಿದ್ದರಿಂದ, ಇಂದಿಗೂ ಚೀನೀ ಭಾಷೆಯಲ್ಲಿ ಆ ವಯಸ್ಸಿಗೆ ಏಲಕ್ಕಿಯ ವರ್ಷಗಳು ಎಂಬ ಮಾತಿದೆ.

ನಮ್ಮ ಮನೆಗಳ ಉರ್ದುವಿನಲ್ಲಿ ಹುಡುಗನ ವಯಸ್ಸು ಮೇಲ್ದುಟಿಯಲ್ಲಿರುತ್ತದೆ. 'ಮಸೇಂ ಭೀಗ್ ರಹೀ ಹೈಂ' ಎನ್ನುತ್ತಾರೆ. ಮೀಸೆಯ ಗೆರೆ ಒದ್ದೆಯಾಗುತ್ತಿದೆ ಎಂದು ಅಕ್ಷರಶಃ ಅರ್ಥ. ಇದನ್ನು ಕನ್ನಡಕ್ಕೆ ತರಲು ಕುಳಿತವರಿಗೆ ಕಷ್ಟ ಗೊತ್ತು. ಕನ್ನಡದ ಮೀಸೆ ಒದ್ದೆಯಾಗುವುದಿಲ್ಲ, ಚಿಗುರುತ್ತದೆ. ಫಾರಸಿಯ ದಾರಿಯಿಂದ ಬಂದ 'ಸಬ್ಜಾ' ಕೂಡಾ ಹಸಿರೇ, ಮುಖದ ಮೇಲೆ ಹುಲ್ಲು ಮೂಡುವುದು. ಗದ್ದೆಯನ್ನು ಕಂಡ ಜನ, ಹುಲ್ಲುಗಾವಲನ್ನು ಕಂಡ ಜನ ಇಬ್ಬರೂ ಒಂದೇ ಮುಖದ ಮೇಲೆ ತಮ್ಮ ತಮ್ಮ ನೆಲವನ್ನು ಕಂಡಿದ್ದಾರೆ.

ಆದರೆ ಈ ವಿಷಯದಲ್ಲಿ ಅರಬರ ಶ್ರೀಮಂತಿಕೆಗೆ ಸಾಟಿಯಿಲ್ಲ. ನಿಶಾಪುರದ ಭಾಷಾವಿದ್ವಾಂಸ ಅಬೂ ಮನ್ಸೂರ್ ಸಆಲಿಬಿ (ಮರಣ 1038) 'ಫಿಕ್ಹುಲ್ ಲುಗ' ಎಂಬ ಗ್ರಂಥದಲ್ಲಿ ಗರ್ಭದಿಂದ ಮುಪ್ಪಿನವರೆಗಿನ ಹೆಸರುಗಳನ್ನು ಸಾಲಾಗಿ ಜೋಡಿಸಿದ್ದಾನೆ. ಹಾಲು ಕುಡಿಯುವವನಿಗೆ ಒಂದು, ಹಾಲು ಬಿಟ್ಟವನಿಗೆ ಒಂದು, ತಪ್ಪು ಹೆಜ್ಜೆ ಇಡುವವನಿಗೆ ಒಂದು. ಪ್ರೌಢಿಮೆಯ ಬಾಗಿಲ ಬಳಿ ಬಂದವನು 'ಯಾಫಿಅ್' ಮತ್ತು 'ಮುರಾಹಿಕ್'. ಅದನ್ನು ದಾಟಿ ಬಲ ಕೂಡಿಸಿಕೊಂಡವನು 'ಹಝವ್ವರ್'. ಮೀಸೆ ಮೂಡಿದವನು 'ಫತಾ'. ಇಷ್ಟೆಲ್ಲ ಹಂತಗಳಲ್ಲಿಯೂ ಅವನನ್ನು 'ಗುಲಾಮ್' ಎನ್ನಬಹುದಿತ್ತು. ಅರಬಿಯಲ್ಲಿ ಹುಡುಗ ಎಂದಿದ್ದ ಈ ಪದ ನಮ್ಮ ಭಾಷೆಗಳಿಗೆ ಬರುವ ಹೊತ್ತಿಗೆ ಕೊಂಡು ತಂದ ಆಳಾಗಿತ್ತು. 'ಫತಾ' ಮಾತ್ರ ಮೇಲಕ್ಕೇರಿತು. ಪವಿತ್ರ ಕುರ್‌ಆನ್ ಗುಹೆಯ ಯುವಕರನ್ನೂ, ವಿಗ್ರಹಗಳನ್ನು ಪ್ರಶ್ನಿಸಿದ ತರುಣ ಇಬ್ರಾಹೀಮ್(ಅ)ರನ್ನೂ ಕರೆದದ್ದು ಇದೇ ಪದದಿಂದ. ಅದರಿಂದ ಹುಟ್ಟಿದ 'ಫುತುವ್ವ' ಔದಾರ್ಯ ಮತ್ತು ಧೈರ್ಯಗಳ ಹೆಸರಾಯಿತು, ಊರೂರಿನ ತರುಣರ ಕೂಟಗಳ ಹೆಸರಾಯಿತು. ಬಗ್ದಾದಿನ ಖಲೀಫ ನಾಸಿರ್ (ಆಳ್ವಿಕೆ 1180-1225) ಸ್ವತಃ ಅದರ ಮುಖ್ಯಸ್ಥನಾದ.

'ಮುರಾಹಿಕ್' ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಹತ್ತಿರಕ್ಕೆ ಬಂದವನು, ಇನ್ನೇನು ತಲುಪಲಿರುವವನು ಎಂದು ಅದರರ್ಥ. ಇಂದಿನ ಅರಬಿಯಲ್ಲಿ ಹದಿಹರೆಯಕ್ಕೆ 'ಮುರಾಹಕ' ಎನ್ನುವುದು ಇದರಿಂದಲೇ. ಅದೇ ಧಾತುವಿನಿಂದ ಬಂದ 'ಇರ್ಹಾಕ್' ಎಂದರೆ ಬಳಲಿಸುವುದು, ಸುಸ್ತು ಮಾಡುವುದು. ತಾಯಂದಿರು ಇದಕ್ಕೆ ಸಾಕ್ಷಿ ಹೇಳುವರು. ಮುರಾಹಿಕ್ ಹತ್ತಿರ ಬಂದವನಾದರೆ 'ಬಾಲಿಗ್' ತಲುಪಿದವನು. 'ಬುಲೂಗ್' ಎಂದರೆ ತಲುಪುವುದು. ಕನ್ನಡದ ನ್ಯಾಯಾಲಯಗಳಲ್ಲಿ 'ಪ್ರಾಪ್ತ ವಯಸ್ಕ' ಎಂದಾಗಲೂ ನಾವು ಅದನ್ನೇ ಹೇಳುತ್ತಿದ್ದೇವೆ, ತಲುಪಿದವನು ಎಂದು. ಹಳ್ಳಿಯ ಮಾತಿನ 'ವಯಸ್ಸಿಗೆ ಬಂದ ಮಗ'ನೂ ಹಾಗೆಯೇ ಒಂದು ಊರಿಗೆ ಬಂದು ಇಳಿದವನಂತೆ ಕಾಣಿಸುತ್ತಾನೆ.

ಎಷ್ಟಕ್ಕೆ ತಲುಪಿದ ಹಾಗೆ? ಹ. ಇಬ್ನು ಉಮರ್(ರ) ಉಹುದ್ ಯುದ್ಧದ ಸಮಯದಲ್ಲಿ ಹದಿನಾಲ್ಕರವರು. ಪ್ರವಾದಿ(ಸ)ಯವರು ಅವರನ್ನು ರಣರಂಗಕ್ಕೆ ಸೇರಿಸಿಕೊಳ್ಳಲಿಲ್ಲ. ಖಂದಕ್ ಯುದ್ಧದ ವೇಳೆಗೆ ಹದಿನೈದಾಗಿತ್ತು, ಒಪ್ಪಿಗೆ ದೊರೆಯಿತು. ಈ ವೃತ್ತಾಂತ ಕೇಳಿದ ಖಲೀಫ ಉಮರ್ ಬಿನ್ ಅಬ್ದುಲ್ ಅಝೀಝ್, ಚಿಕ್ಕವರಿಗೂ ದೊಡ್ಡವರಿಗೂ ನಡುವಿನ ಗೆರೆ ಇದೇ ಎಂದು ತನ್ನ ಅಧಿಕಾರಿಗಳಿಗೆ ಬರೆದು ಕಳಿಸಿದರು. ದೇಹದ ಚಿಹ್ನೆಗಳು ಕಾಣಿಸದಿದ್ದಲ್ಲಿ ಹದಿನೈದನ್ನು ಹಿಡಿಯುವ ರೂಢಿ ಬಹುತೇಕ ಮದ್‌ಹಬ್‌ಗಳಲ್ಲಿ ನೆಲೆಯೂರಿತು. ಇಮಾಮ್ ಅಬೂ ಹನೀಫ ಮಾತ್ರ ಹುಡುಗನಿಗೆ ಹದಿನೆಂಟು, ಹುಡುಗಿಗೆ ಹದಿನೇಳು ಎಂದಿದ್ದರು. ಅವರ ಇಬ್ಬರು ಪ್ರಮುಖ ಶಿಷ್ಯರೇ ಗುರುವನ್ನು ಬಿಟ್ಟು ಹದಿನೈದಕ್ಕೆ ನಿಂತರು.

ನಮ್ಮ ಚರ್ಚೆಗಳು ಸಾಮಾನ್ಯವಾಗಿ ಈ ಅಂಕೆಯಲ್ಲೇ ಮುಗಿದುಬಿಡುತ್ತವೆ. ಕುರ್‌ಆನಿನ ನಾಲ್ಕನೇ ಅಧ್ಯಾಯ ಅನಾಥರ ಆಸ್ತಿಯ ಬಗ್ಗೆ ಹೇಳುವಾಗ ಬೇರೊಂದು ಪದವನ್ನು ತರುತ್ತದೆ: 'ರುಶ್ದ್'. ಮಕ್ಕಳು ವಿವಾಹದ ವಯಸ್ಸನ್ನು ತಲುಪುವವರೆಗೆ ಅವರನ್ನು ಪರೀಕ್ಷಿಸುತ್ತಿರಬೇಕು, ಅವರಲ್ಲಿ ರುಶ್ದ್ ಕಂಡರೆ ಆಸ್ತಿ ಒಪ್ಪಿಸಬೇಕು ಎಂಬುದು ಅಲ್ಲಿನ ಆದೇಶ. ರುಶ್ದ್ ಎಂದರೆ ವಿವೇಕ, ತನ್ನ ಒಳಿತು ಕೆಡುಕು ತಾನೇ ತೂಗುವ ಶಕ್ತಿ. ಬುಲೂಗ್ ಮೈಯದು, ರುಶ್ದ್ ಬುದ್ಧಿಯದು. ಒಂದು ಬಂದ ದಿನವೇ ಇನ್ನೊಂದೂ ಬರಬೇಕೆಂದಿಲ್ಲ. ನಾಲ್ಕು ಖರ್ಜೂರದ ಮರಗಳನ್ನು ಒಪ್ಪಿಸುವುದಕ್ಕೆ ಮೈ ಬೆಳೆದರೆ ಸಾಲದು ಎಂದಾದರೆ, ಒಂದು ಹುಡುಗಿಯ ಬದುಕನ್ನು ಮತ್ತೊಂದು ಮನೆಗೆ ಒಪ್ಪಿಸುವುದಕ್ಕೆ ಅದು ಹೇಗೆ ಸಾಕಾಗುತ್ತದೆ ಎಂದು ನಮ್ಮ ಹಿರಿಯರನ್ನು ಕೇಳಬೇಕಾಗಿದೆ.

ಹುಡುಗಿಯರ ವಿಷಯಕ್ಕೆ ಬಂದರೆ ಪದಗಳ ಬಣ್ಣವೇ ಬೇರೆ. ಹುಡುಗನಿಗೆ ಮೀಸೆ, ದನಿ, ಬಲ. ಹುಡುಗಿಗೆ ಒಂದೇ ದಿನ. ಕನ್ನಡದಲ್ಲಿ ಮೈನೆರೆದಳು, ದೊಡ್ಡವಳಾದಳು. ತೆಲುಗರಲ್ಲಿ 'ಪೆದ್ದಮನಿಷಿ' ಆದಳು. ನಿನ್ನೆ ಕುಂಟೆಬಿಲ್ಲೆ ಆಡುತ್ತಿದ್ದವಳು ಇಂದು ಬೆಳಿಗ್ಗೆ ದೊಡ್ಡ ಮನುಷ್ಯಳು. ಹಸಿರು ಸೊಪ್ಪಿನ ಗುಡ್ಲು, ಆರತಿ, ಚಿಗಳಿ ಉಂಡೆ ಎಲ್ಲ ಸಂಭ್ರಮವೇ, ಆದರೆ ಊರಿಗೆ ಸುದ್ದಿ ಹೋಗುವುದು ಮದುವೆಯ ದಿಕ್ಕಿಗೆ. ದಖನಿ ಮನೆಗಳಲ್ಲಿ ಸದ್ದು ಕಡಿಮೆ. 'ಬಚ್ಚಿ ಸಯಾನಿ ಹೋಗಯಿ' ಎಂಬ ಪಿಸುಮಾತು ಸಾಕು. 'ಸಯಾನಿ' ಎಂಬ ಪದಕ್ಕೆ ಬೆಳೆದವಳು ಎಂಬಂತೆ ಜಾಣೆ ಎಂಬ ಅರ್ಥವೂ ಇದೆ. ಅದು ಜ್ಞಾನದ ಬುಡದಿಂದಲೇ ಬಂದದ್ದು. ಜಾಣೆಯಾದಳು ಎಂದು ಹೇಳಿ ಆ ವಾರವೇ ಶಾಲೆ ಬಿಡಿಸಿದ ಮನೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಬಾಲ್ಯದಿಂದ ನೇರ ಹೆಂಗಸುತನಕ್ಕೆ ಜಿಗಿಸುವ ಇಂಥ ಮಾತುಗಳ ನಡುವೆ 'ಹದಿಹರೆಯ' ಎಂಬ ಹೊಸ ಕನ್ನಡ ಪದ ಹುಡುಗಿಗೂ ಹುಡುಗನಿಗೂ ಸಮನಾಗಿ ಆರು ವರ್ಷಗಳನ್ನು ಕೊಡುತ್ತದೆ. ಅದಕ್ಕಾಗಿ ಅದನ್ನು ಕಟ್ಟಿದವರಿಗೆ ಸಲಾಮು.

ಕಾನೂನು ಈ ಆರು ವರ್ಷಗಳನ್ನು ಕೊಡಲು ಬಹಳ ಕಾಲ ತೆಗೆದುಕೊಂಡಿತು. 1875ರ ಭಾರತೀಯ ಪ್ರಾಪ್ತವಯಸ್ಕತೆಯ ಕಾಯಿದೆ ಹದಿನೆಂಟು ಎಂದಿತು, ಆದರೆ ಮದುವೆ, ಮಹರ್, ವಿಚ್ಛೇದನಗಳನ್ನು ಹೊರಗಿಟ್ಟಿತು. 1929ರ ಶಾರದಾ ಕಾಯಿದೆ ಹುಡುಗಿಗೆ ಹದಿನಾಲ್ಕು ಎಂದಿತು. ಅದು ಹದಿನೆಂಟಾದದ್ದು 1978ರಲ್ಲಿ. ಮಧ್ಯೆ 1939ರಲ್ಲಿ ಬಂದ ಮುಸ್ಲಿಮ್ ವಿವಾಹ ವಿಚ್ಛೇದನ ಕಾಯಿದೆಯೊಳಗೆ ಬುಲೂಗ್‌ನ ಇನ್ನೊಂದು ಮುಖವಿದೆ, 'ಖಿಯಾರುಲ್ ಬುಲೂಗ್'. ಹದಿನೈದು ತುಂಬುವ ಮೊದಲು ತಂದೆಯೋ ಪೋಷಕನೋ ಮಾಡಿಕೊಟ್ಟ ಮದುವೆಯನ್ನು, ದಾಂಪತ್ಯ ಆರಂಭವಾಗಿರದಿದ್ದರೆ, ಹದಿನೆಂಟರೊಳಗೆ ತಿರಸ್ಕರಿಸುವ ಹಕ್ಕು ಹುಡುಗಿಗಿದೆ. ಹಳೆಯ ಹನಫೀ ನಿಯಮದಲ್ಲಿ ತಂದೆ ಮಾಡಿಕೊಟ್ಟ ಮದುವೆಗೆ ಈ ಹಕ್ಕು ಅನ್ವಯಿಸುತ್ತಿರಲಿಲ್ಲ. ಕಾಯಿದೆ ಅದನ್ನು ಸೇರಿಸಿತು. ತಲುಪಿದವಳು 'ಬೇಡ' ಎನ್ನಬಹುದು ಎಂಬ ಈ ಅರ್ಥ ನಮ್ಮ ಮನೆಗಳಲ್ಲಿ ಯಾಕೆ ಪ್ರಚಾರಕ್ಕೆ ಬರಲಿಲ್ಲವೋ! 2022ರಲ್ಲಿ ಕರ್ನಾಟಕ ಹೈಕೋರ್ಟು ವೈಯಕ್ತಿಕ ಕಾನೂನಿಗಿಂತ 2012ರ ಪೋಕ್ಸೊ ಕಾಯಿದೆ ಮೇಲು ಎಂದಿತು. ಅದೇ ವರ್ಷ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ಹದಿನೈದನ್ನು ಎತ್ತಿ ಹಿಡಿದಿತ್ತು. ಇದು ಒಂದು ಸಮುದಾಯದ ಸಮಸ್ಯೆ ಎಂದು ತಿಳಿಯುವವರು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಬೇಕು. ಇಪ್ಪತ್ತರಿಂದ ಇಪ್ಪತ್ತನಾಲ್ಕರೊಳಗಿನ ಹೆಣ್ಣುಮಕ್ಕಳಲ್ಲಿ ಹದಿನೆಂಟಕ್ಕೆ ಮೊದಲೇ ಮದುವೆಯಾದವರು ದೇಶದಲ್ಲಿ ಶೇ. 23.3, ಕರ್ನಾಟಕದಲ್ಲಿ ಶೇ. 21.3.

ವಿಶ್ವ ಆರೋಗ್ಯ ಸಂಸ್ಥೆ ಹದಿಹರೆಯವನ್ನು ಹತ್ತರಿಂದ ಹತ್ತೊಂಬತ್ತು ಎನ್ನುತ್ತದೆ. ಓದು, ಉದ್ಯೋಗ, ಮದುವೆ ಎಲ್ಲ ಮುಂದಕ್ಕೆ ಹೋಗಿರುವ ಈ ಕಾಲದಲ್ಲಿ ಅದನ್ನು ಇಪ್ಪತ್ತನಾಲ್ಕರವರೆಗೆ ಹಿಗ್ಗಿಸಬೇಕೆಂದು 2018ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಕೆಲವು ತಜ್ಞರು ವಾದಿಸಿದರು. ಇದನ್ನು ಓದುವಾಗ ಇಮಾಮ್ ಅಬೂ ಹನೀಫರ ಇನ್ನೊಂದು ಅಂಕೆ ನೆನಪಾಗುತ್ತದೆ. ಪ್ರಾಯಕ್ಕೆ ಬಂದರೂ ವಿವೇಕ ಬಾರದವನ ಆಸ್ತಿಯನ್ನು ಇಪ್ಪತ್ತೈದರವರೆಗೆ ತಡೆಹಿಡಿಯಬಹುದು, ಆಮೇಲೆ ವಿವೇಕವಿರಲಿ ಇಲ್ಲದಿರಲಿ ಕೊಟ್ಟುಬಿಡಬೇಕು ಎಂದಿದ್ದರು ಅವರು. ನಮ್ಮವರು ಆಗಲೇ ಹೇಳಿದ್ದರು ಎಂದು ಎದೆ ತಟ್ಟಿಕೊಳ್ಳುವ ಅಗತ್ಯವಿಲ್ಲ, ಇಮಾಮರ ಲೆಕ್ಕ ಪೂರ್ತಿ ಬೇರೆ. ಇಪ್ಪತ್ತೈದಕ್ಕೆ ಮನುಷ್ಯ ಅಜ್ಜನಾಗಿರುವುದೂ ಸಾಧ್ಯ, ಅಜ್ಜನಾದವನ ಕೈಗೆ ಅವನದೇ ಹಣ ಕೊಡದಿರುವುದು ಹೇಗೆ ಎಂಬುದು ಅವರ ಕಡೆಯಿಂದ ಹೇಳಲಾಗುವ ಕಾರಣ.