ಊರು ಅಂದರೆ ಯಾರ್ಯಾರು?

ಈ ಸಂಚಿಕೆಗಾಗಿ ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾದ ಕನ್ನಡ ಮನೆಗಳಿಂದ ಊರಿನ ನೆನಪುಗಳನ್ನು ಕೇಳಿದ್ದೆವು. ಗುಡಿ, ಕೆರೆ, ತೆಂಗಿನ ತೋಟ, ಅಜ್ಜಿಯ ಅಡುಗೆಮನೆ ಎಲ್ಲವೂ ಬಂದವು. ಊರಿನಲ್ಲಿ ಯಾರ್ಯಾರು ಇದ್ದರು, ಯಾವ ಕೇರಿಯಲ್ಲಿ, ಯಾರ ಹೊಲದಲ್ಲಿ ಯಾರು ದುಡಿದರು ಎಂಬುದು ಮಾತ್ರ ಹೆಚ್ಚಾಗಿ ಬರಲಿಲ್ಲ. ಅದನ್ನು ತಿಳಿಯಲು ಇಬ್ಬರು ವಿದ್ವಾಂಸರ ಕೆಲಸವನ್ನು ಇಲ್ಲಿ ನೆನೆಯುತ್ತೇನೆ.

ಮೊದಲನೆಯವರು ಎಂ.ಎನ್. ಶ್ರೀನಿವಾಸ್. 1948ರಲ್ಲಿ ಮೈಸೂರಿನ ಬಳಿಯ ಕೊಡಗಹಳ್ಳಿಗೆ ಹೋಗಿ ಉಳಿದರು. ಬರಹದಲ್ಲಿ ಅದನ್ನು ‘ರಾಮಪುರ’ ಎಂದು ಕರೆದರು. ಒಂದೂವರೆ ಸಾವಿರದಷ್ಟು ಜನರ ಊರು. ಸುಮಾರು ಅರ್ಧದಷ್ಟು ಒಕ್ಕಲಿಗರು. ಉಳಿದವರು ಕುರುಬರು, ಮುಸ್ಲಿಮರು, ದಲಿತರು, ಬೆರಳೆಣಿಕೆಯ ಬ್ರಾಹ್ಮಣರು, ಕುಂಬಾರ, ಅಗಸ, ಕ್ಷೌರಿಕ ಮನೆಗಳು. ಸಂಖ್ಯೆ, ಜಮೀನು, ಯಜಮಾನಿಕೆ ಮೂರೂ ಒಂದೇ ಜಾತಿಯ ಕೈಯಲ್ಲಿದ್ದಾಗ ಊರು ಹೇಗೆ ನಡೆಯುತ್ತದೆ ಎಂಬುದನ್ನು ಅವರು ಇಲ್ಲಿಯೇ ಕಂಡು, ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಯನ್ನು ರೂಪಿಸಿದರು. 1970ರಲ್ಲಿ ಅಮೆರಿಕದಲ್ಲಿ ಅವರ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದವು. ಆಮೇಲೆ ನೆನಪಿನ ಬಲದಿಂದಲೇ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂತು.

ಎರಡನೆಯವರು ನಮಗೆ ಇನ್ನೂ ಹತ್ತಿರ. ವಿಯೆನ್ನಾದಲ್ಲಿ ಹುಟ್ಟಿ, ನಾತ್ಸಿಗಳ ಕಾಲದಲ್ಲಿ ಇಂಗ್ಲೆಂಡಿಗೆ ಬಂದ ಸ್ಕಾರ್ಲೆಟ್ ಎಪ್ಸ್ಟೈನ್, ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಿಂದ ಮಂಡ್ಯಕ್ಕೆ ಹೋದರು. ಅವರ ಪುಸ್ತಕ 1962ರಲ್ಲಿ ಮ್ಯಾಂಚೆಸ್ಟರಿನಿಂದಲೇ ಪ್ರಕಟವಾಯಿತು. ಅದರಲ್ಲಿ ಎರಡು ಹಳ್ಳಿಗಳಿವೆ. ಕಾಲುವೆ ನೀರು ಸಿಕ್ಕ ‘ವಂಗಲ’ದಲ್ಲಿ ಕಬ್ಬು ಬೆಳೆಯಿತು, ದುಡ್ಡು ಬಂತು, ಆದರೆ ಗೌಡರ ಮನೆಗೂ ಕೇರಿಯ ಆಳಿನ ಮನೆಗೂ ಇದ್ದ ವಂಶಪಾರಂಪರ್ಯದ ಕಟ್ಟು ಹಾಗೇ ಉಳಿಯಿತು. ನೀರು ಹತ್ತದ ‘ದಲೇನ’ದ ಒಕ್ಕಲು ಮಕ್ಕಳು ಮಂಡ್ಯದ ಕಡೆ ಮುಖ ಮಾಡಿದರು, ನೌಕರಿ, ವ್ಯಾಪಾರ, ಗುತ್ತಿಗೆ ಹಿಡಿದರು. ಹಳೆಯ ಕಟ್ಟುಗಳು ಅಲ್ಲಿಯೇ ಬೇಗ ಸಡಿಲಾದವು. ನನಗೆ ಈ ಹೋಲಿಕೆ ಬಹಳ ಮುಖ್ಯ. ನೀರು ಬಂದರೆ ಎಲ್ಲವೂ ಹಸನಾಗುತ್ತದೆ ಎಂಬ ನಂಬಿಕೆಯನ್ನು ಅದು ಅಲುಗಿಸುತ್ತದೆ.

ವಂಗಲದ ಒಂದು ಪ್ರಸಂಗ ಓದಿದವರು ಮರೆಯಲಾರರು. ದಲಿತ ಕೇರಿಯವರು ನಾಟಕ ಆಡಲು ಹೊರಟರು. ರಾಜನ ಪಾತ್ರಧಾರಿ ಸಿಂಹಾಸನದ ಮೇಲೆ ಕೂರಬೇಕು, ಒಕ್ಕಲಿಗರು ನೆಲದ ಮೇಲೆ ಕೂತು ನೋಡಬೇಕು. ಈ ಎತ್ತರದ ಪ್ರಶ್ನೆಗೇ ಊರು ಎರಡಾಯಿತು, ಬಹಿಷ್ಕಾರವೂ ಬಂತು. ಜನಗಣತಿಯ ಹಾಳೆಯಲ್ಲಿ ಕಾಣದ ಊರಿನ ಅಂತರಂಗ ಅಲ್ಲಿದೆ.

ಊರಿನ ಈ ಅಂತರ ನಾವು ಇಲ್ಲಿಗೆ ಬಂದ ದಾರಿಯಲ್ಲೂ ಇದೆ. ಲೆಮಿಂಗ್ಟನ್ನಿಗೆ ನಮಗಿಂತ ಮುಂಚೆ ಬಂದ ಪಂಜಾಬಿ ಹಿರಿಯರು ಎರಕದ ಕಾರ್ಖಾನೆಗಳಲ್ಲಿ ಬೆವರು ಸುರಿಸಿದರು. ಒಬ್ಬರ ಹಿಂದೆ ಒಬ್ಬರಾಗಿ ನೆಂಟರನ್ನೂ ಊರಿನವರನ್ನೂ ಕರೆಸಿಕೊಂಡರು. ನಾವು ಬಂದದ್ದು ಹೆಚ್ಚಾಗಿ ಪದವಿಯ ದಾರಿಯಲ್ಲಿ, ಗೇಡನ್‌ನ ಕಾರು ಕಂಪನಿಗೆ, ವಾರಿಕ್ ವಿಶ್ವವಿದ್ಯಾಲಯಕ್ಕೆ, ಆಸ್ಪತ್ರೆಗಳಿಗೆ. ಆ ಪದವಿ ಊರಿನ ಯಾವ ಮನೆಗಳಿಗೆ ಮೊದಲು ಸಿಕ್ಕಿತು ಎಂಬುದನ್ನು ಮರೆತರೆ ನಮ್ಮ ಚರಿತ್ರೆ ಅರ್ಧವೇ ಆದೀತು.

ಎಪ್ಸ್ಟೈನ್ 1970ರಲ್ಲಿ ಅದೇ ಹಳ್ಳಿಗಳಿಗೆ ಮರಳಿ, ಮೊದಲು ಕಂಡದ್ದನ್ನು ಮತ್ತೆ ಪರೀಕ್ಷಿಸಿದರು. ನಮ್ಮ ಕುಟುಂಬಗಳೂ ಮುಂದಿನ ಸಲ ಊರಿಗೆ ಹೋದಾಗ ಕೇರಿಯ ಹಿರಿಯರೊಡನೆ ಕೂತು ಕೇಳಿ ಬರಲಿ: ಗದ್ದೆಯಲ್ಲಿ ನಾಟಿ ಹಾಕಿದವರು ಯಾರು, ಸುಗ್ಗಿಯಲ್ಲಿ ಅವರಿಗೆ ಸಂದದ್ದೆಷ್ಟು, ಅವರ ಮಕ್ಕಳು ಈಗೆಲ್ಲಿದ್ದಾರೆ. ಅವರು ಒಪ್ಪಿದರೆ, ಆ ಉತ್ತರಗಳು ಮುಂದಿನ ಸಂಚಿಕೆಯ ಮೊದಲ ಪುಟಗಳಿಗೆ.