ಸೇನಾ ಕಾಲೇಜಿನ ಒಂದು ಋತು: 1953ರ ಡ್ಯುರಾಂಡ್ ಫೈನಲ್ ಮತ್ತು ಬೆಂಗಳೂರು

1953ರ ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಮೋಹನ್ ಬಾಗಾನ್ ಎದುರು ಆಡಿದ್ದು ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ಖಡಕ್‌ವಾಸ್ಲಾಕ್ಕೆ ಹೋಗುವ ಮುಂಚಿನ ಕಾಲ ಅದು. ಅಕಾಡೆಮಿ ಇನ್ನೂ ಡೆಹ್ರಾಡೂನ್‌ನಲ್ಲಿತ್ತು. ಪಂದ್ಯವನ್ನು ಮೋಹನ್ ಬಾಗಾನ್ 4–0ರಲ್ಲಿ ಗೆದ್ದಿತು. ಸೋತ ತಂಡವಾದ್ದರಿಂದ ಇತಿಹಾಸಕಾರರು ಅಕಾಡೆಮಿಯನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಅದು ತೀರ ಮುಖ್ಯವೆನಿಸುತ್ತದೆ. ಅದರ ಅರ್ಥ ಬಿಡಿಸಲು ಬೆಂಗಳೂರಿನ ದಂಡು ಪ್ರದೇಶದಿಂದ ಶುರುಮಾಡಬೇಕು.

1881ರ ನಂತರ ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ದೊಡ್ಡಬಳ್ಳಾಪುರಗಳಲ್ಲಿ ಮಹಾರಾಜರ ಆಡಳಿತವಿದ್ದರೆ, ದಂಡು ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿತ್ತು. ಫುಟ್‌ಬಾಲ್ ಇಲ್ಲಿ ಬೇರುಬಿಟ್ಟದ್ದು ಆ ಗಡಿಯೊಳಗೆ, ಹಲಸೂರು ಕೆರೆಯ ಆಸುಪಾಸಿನ ಸೈನಿಕರ ಆಟವಾಗಿ. ದೇಶದ ದೊಡ್ಡ ಕಪ್‌ಗಳೂ ಆಗ ರೆಜಿಮೆಂಟುಗಳ ಸ್ವತ್ತೇ. ಮೂರು ಕಪ್‌ಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ವಿಚಿತ್ರ ಕ್ರಮ ಕಾಣುತ್ತದೆ. 1893ರಲ್ಲಿ ಶುರುವಾದ ಐಎಫ್‌ಎ ಶೀಲ್ಡ್ ಅನ್ನು ಭಾರತೀಯ ತಂಡ ಮೊದಲು ಗೆದ್ದದ್ದು 1911ರಲ್ಲಿ. 1891ರ ರೋವರ್ಸ್ ಕಪ್ಪನ್ನು 1937ರಲ್ಲಿ. 1888ರ ಡ್ಯುರಾಂಡ್ ಅನ್ನು 1940ರಲ್ಲಿ. ಕಪ್ ಹಳೆಯದಾದಷ್ಟೂ ಪಟ್ಟು ಬಿಗಿ. ಡ್ಯುರಾಂಡ್ ಸೇನೆಯೇ ನಡೆಸುತ್ತಿದ್ದ ಪಂದ್ಯಾವಳಿ ಎಂಬುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಈ ಮೂರರಲ್ಲಿ ನಡುವಿನದನ್ನು ಒಡೆದವರು ನಮ್ಮವರು. 1937ರ ರೋವರ್ಸ್ ಫೈನಲ್‌ನಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ವಿರುದ್ಧ 1–0ರಿಂದ ಗೆದ್ದಿತು. ಎದುರಾಳಿ ಸಾಮಾನ್ಯ ತಂಡವಲ್ಲ. 1934ರಿಂದ ಕಲ್ಕತ್ತಾ ಲೀಗನ್ನು ಬಿಡದೆ ಗೆಲ್ಲುತ್ತಿದ್ದ ತಂಡ. ಮರುವರ್ಷ ಆರ್ಗೈಲ್ ಅಂಡ್ ಸದರ್‌ಲ್ಯಾಂಡ್ ಹೈಲ್ಯಾಂಡರ್ಸ್ ಎಂಬ ರೆಜಿಮೆಂಟನ್ನೇ ಮಣಿಸಿ ಕಪ್ ಉಳಿಸಿಕೊಂಡರು. ಮೊದಲ ಗೆಲುವನ್ನೇ ಎಲ್ಲರೂ ಹೊಗಳುತ್ತಾರೆ. ನನ್ನ ಮಟ್ಟಿಗೆ ಎರಡನೆಯದೇ ತೂಕದ್ದು: ದಂಡಿನ ನೆರಳಲ್ಲಿ ಬೆಳೆದ ಊರಿನ ಹುಡುಗರು ದಂಡಿನವರ ಆಟದಲ್ಲೇ ದಂಡಿನವರನ್ನು ಸೋಲಿಸಿದ್ದು.

ಆದರೆ ಇಂಥ ಕ್ಲಬ್ ತನ್ನ ಆಟಗಾರರನ್ನು ಹಿಡಿದಿಟ್ಟುಕೊಳ್ಳುವುದು ಕಷ್ಟ. ಈ ತಂಡದಲ್ಲಿ ಆಡಿದ ಅಹ್ಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸ್ ಮುಗಿಸಿ, 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ‘ಪಂಚ ಪಾಂಡವ’ರೆಂದು ಕಲ್ಕತ್ತೆ ಕೊಂಡಾಡಿದ ಐವರು ಮುಂಚೂಣಿ ಆಟಗಾರರಲ್ಲಿ ಅವರೊಬ್ಬರು. ಈಸ್ಟ್ ಬೆಂಗಾಲ್ 1951, 1952ರಲ್ಲಿ ಡ್ಯುರಾಂಡ್ ಗೆದ್ದದ್ದು ಆ ದಿನಗಳಲ್ಲೇ.

ಈಗ 1953ಕ್ಕೆ ಮರಳೋಣ. ಬ್ರಿಟಿಷ್ ರೆಜಿಮೆಂಟುಗಳು ಹೊರಟುಹೋದ ಮೇಲೆ ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳಿಗೆ ಎದೆಕೊಟ್ಟವರು ಯಾರು? 1950 ಮತ್ತು 1954ರಲ್ಲಿ ಡ್ಯುರಾಂಡ್ ಗೆದ್ದ ಹೈದರಾಬಾದ್ ಪೊಲೀಸರು. 1954ರ ಫೈನಲ್‌ನಲ್ಲಿ ಅವರಿಗೆದುರಾಗಿ ನಮ್ಮ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್. 1955 ಮತ್ತು 1958ರಲ್ಲಿ ವೆಲಿಂಗ್ಟನ್‌ನ ಮದ್ರಾಸ್ ರೆಜಿಮೆಂಟಲ್ ಸೆಂಟರ್. ಗೋಲ್‌ಕೀಪರ್ ಪೀಟರ್ ತಂಗರಾಜ್ ಹೆಸರಾದದ್ದು ಅಲ್ಲಿಂದಲೇ. ಠಾಣೆ, ಕಾರ್ಖಾನೆ, ರೆಜಿಮೆಂಟ್: ಮೂರರಲ್ಲೂ ಆಟಗಾರನ ಹೆಸರು ಸಂಬಳದ ಪಟ್ಟಿಯಲ್ಲಿತ್ತು, ವರ್ಷದಿಂದ ವರ್ಷಕ್ಕೆ ಅದೇ ಹನ್ನೊಂದು ಜನ ಕೂಡಿ ಆಡಲು ಸಾಧ್ಯವಿತ್ತು.

ಅಕಾಡೆಮಿಗೆ ಈ ಆಸರೆ ಇರಲಿಲ್ಲ. ಕೆಡೆಟ್ ಬರುವುದೇ ತರಬೇತಿ ಮುಗಿಸಿ ಹೋಗುವುದಕ್ಕೆ. ಕಲಿಸುವ ಅಧಿಕಾರಿಗೂ ವರ್ಗಾವಣೆ ತಪ್ಪಿದ್ದಲ್ಲ. ಇಂಥ ಸಂಸ್ಥೆ ದೇಶದ ಅತಿ ಹಳೆಯ ಕಪ್‌ನ ಕೊನೆಯ ಪಂದ್ಯದವರೆಗೆ ಬಂದದ್ದು ಅಪರೂಪದ ಸಾಧನೆ. ಅದು ಮತ್ತೆಂದೂ ಡ್ಯುರಾಂಡ್ ಫೈನಲ್ ಮುಟ್ಟದಿರುವುದಕ್ಕೆ ಆಟದ ಗುಣಕ್ಕಿಂತ ಈ ಕಾರಣವೇ ಹೆಚ್ಚು ಒಪ್ಪುತ್ತದೆ ಎಂದು ನನ್ನ ಅಭಿಪ್ರಾಯ.