ಏಳು ಮತಗಳ ಅಂತರ

1993ರ ಸೆಪ್ಟೆಂಬರ್ 16ರಂದು ಪೂರ್ವ ಲಂಡನ್ನಿನ ಮಿಲ್‌ವಾಲ್ ವಾರ್ಡಿನಲ್ಲಿ ಟವರ್ ಹ್ಯಾಮ್ಲೆಟ್ಸ್ ಕೌನ್ಸಿಲಿನ ಒಂದು ಸ್ಥಾನಕ್ಕೆ ಉಪಚುನಾವಣೆ ನಡೆಯಿತು. ಬ್ರಿಟಿಷ್ ನ್ಯಾಷನಲ್ ಪಾರ್ಟಿ, ಅಂದರೆ ಬಿ.ಎನ್.ಪಿ.ಯ ಡೆರೆಕ್ ಬೀಕನ್ 1,480 ಮತ ಪಡೆದರು. ಲೇಬರ್ ಅಭ್ಯರ್ಥಿಗೆ ಬಿದ್ದದ್ದು 1,473. ಕೇವಲ 7 ಮತಗಳಿಂದ ಆ ಪಕ್ಷ ತನ್ನ ಮೊಟ್ಟಮೊದಲ ಕೌನ್ಸಿಲ್ ಸ್ಥಾನವನ್ನು ಗೆದ್ದಿತು.

ಈ ಪಕ್ಷವನ್ನು 1982ರಲ್ಲಿ ಕಟ್ಟಿದವರು ಜಾನ್ ಟಿಂಡಾಲ್. ಅದಕ್ಕೂ ಮುಂಚೆ ಅವರು ನ್ಯಾಷನಲ್ ಫ್ರಂಟಿನ ಮುಖಂಡರಾಗಿದ್ದರು. ಆ ಪಕ್ಷ 1979ರ ಮಹಾಚುನಾವಣೆಯಲ್ಲಿ 303 ಕ್ಷೇತ್ರಗಳಲ್ಲಿ ನಿಂತು ಎಲ್ಲೆಡೆಯೂ ಠೇವಣಿ ಕಳೆದುಕೊಂಡಿತ್ತು. ಬಿಳಿಯರಲ್ಲದವರನ್ನು ಈ ದೇಶದಿಂದ ವಾಪಸು ಕಳಿಸಬೇಕೆಂಬುದೇ ಬಿ.ಎನ್.ಪಿ.ಯ ಮೂಲ ಬೇಡಿಕೆ. ಸಮಾನತಾ ಆಯೋಗ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ, 2010ರಲ್ಲಷ್ಟೇ, ಬಿಳಿಯರಲ್ಲದವರಿಗೆ ಸದಸ್ಯತ್ವವಿಲ್ಲವೆಂಬ ನಿಯಮವನ್ನು ಅದು ಬಿಟ್ಟುಕೊಟ್ಟಿತು.

ಇಂಥ ಪಕ್ಷಕ್ಕೆ ಜನ ಏಕೆ ಮತ ಕೊಟ್ಟರು? 1980ರ ಹೊತ್ತಿಗೆ ಅಲ್ಲಿನ ಡಾಕುಗಳು ಮುಚ್ಚಿ ತಲೆಮಾರುಗಳ ಕೆಲಸ ಹೋಗಿತ್ತು. ಎದುರಿಗೇ ಕ್ಯಾನರಿ ವಾರ್ಫಿನ ಗಗನಚುಂಬಿ ಎದ್ದು ನಿಂತಿತು. ಹಳೆಯ ನಿವಾಸಿಗಳ ಮಕ್ಕಳಿಗೆ ಮಾತ್ರ ಕೌನ್ಸಿಲ್ ಮನೆ ಸಿಗಲಿಲ್ಲ. ಮನೆಯೆಲ್ಲ ಬಾಂಗ್ಲಾದೇಶದವರ ಪಾಲಾಗುತ್ತಿದೆ ಎಂಬ ಮಾತು ಹಬ್ಬಿತು. ಆಗ ಕೌನ್ಸಿಲಿನ ಅಧಿಕಾರ ಹಿಡಿದಿದ್ದ ಲಿಬರಲ್ ಡೆಮಾಕ್ರಾಟರ ಕೆಲವು ಕರಪತ್ರಗಳೂ ಈ ಭಾವನೆಯನ್ನು ಓಲೈಸಿದ್ದವೆಂದು ಆ ಪಕ್ಷವೇ ನಡೆಸಿದ ವಿಚಾರಣೆಯಿಂದ ಹೊರಬಂತು.

ಮುಂದಿನ ಕಥೆ ಇನ್ನೂ ಸ್ವಾರಸ್ಯಕರ. ಎಂಟೇ ತಿಂಗಳಲ್ಲಿ, 1994ರ ಮೇನಲ್ಲಿ, ಮತ್ತೆ ಚುನಾವಣೆ ಬಂತು. ಸ್ಥಳೀಯರು ಮನೆಮನೆಗೆ ಹೋಗಿ, ಮತಗಟ್ಟೆಯ ಕಡೆ ತಲೆ ಹಾಕದಿದ್ದವರನ್ನೂ ಹೊರಡಿಸಿದರು. ಬೀಕನ್ನರ ಮತ 2,041ಕ್ಕೆ ಏರಿತು, ಆದರೂ ಸೋತರು! ಉಳಿದವರು ಅದಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ಬಂದಿದ್ದರು.

ಇದಕ್ಕೆ ತದ್ವಿರುದ್ಧವಾದದ್ದು 2009ರಲ್ಲಿ ನಡೆಯಿತು. ಯುರೋಪಿಯನ್ ಪಾರ್ಲಿಮೆಂಟಿನ ಚುನಾವಣೆ. ವಾಯವ್ಯ ಇಂಗ್ಲೆಂಡಿನಲ್ಲಿ ಬಿ.ಎನ್.ಪಿ.ಯ ನಿಕ್ ಗ್ರಿಫಿನ್ ಗೆದ್ದರು. ಅಲ್ಲಿ ಪಕ್ಷಕ್ಕೆ 2004ರಲ್ಲಿ 1,34,959 ಮತ ಬಿದ್ದಿದ್ದವು, 2009ರಲ್ಲಿ 1,32,094. ಮತ ಇಳಿದರೂ ಗೆಲುವು ಹೇಗೆ? ಸಂಸದರ ಭತ್ಯೆಯ ಹಗರಣದಿಂದ ರೋಸಿಹೋದ ಬಹಳಷ್ಟು ಮಂದಿ ಮನೆಯಲ್ಲೇ ಉಳಿದಿದ್ದರು. ಆದ್ದರಿಂದ ಅದರ ಪಾಲು ಶೇ. 6.4ರಿಂದ ಶೇ. 8ಕ್ಕೆ ಏರಿತು. ಮರುವರ್ಷ ಬಾರ್ಕಿಂಗ್ ಮತ್ತು ಡಾಗೆನ್‌ಹ್ಯಾಮ್ ಕೌನ್ಸಿಲಿನ ಚುನಾವಣೆ ಮಹಾಚುನಾವಣೆಯ ದಿನವೇ ನಡೆದು, ಜನ ದೊಡ್ಡ ಸಂಖ್ಯೆಯಲ್ಲಿ ಮತ ಹಾಕಿದರು. ಅಲ್ಲಿ ಬಿ.ಎನ್.ಪಿ. ತನ್ನ ಸ್ಥಾನಗಳನ್ನೆಲ್ಲ ಕಳೆದುಕೊಂಡಿತು.

ಹಾಗೆಂದು ಹೆಚ್ಚು ಮತದಾನವೇ ಎಲ್ಲಕ್ಕೂ ಮದ್ದು ಎಂದು ನಾವು ಭ್ರಮಿಸಬೇಕಾಗಿಲ್ಲ. 2025ರ ಫೆಬ್ರುವರಿಯಲ್ಲಿ ಜರ್ಮನಿಯಲ್ಲಿ ಶೇ. 82ಕ್ಕೂ ಹೆಚ್ಚು ಮತದಾನವಾಯಿತು. ಅಲ್ಲಿನ ಬಲಪಂಥೀಯ ಪಕ್ಷವಾದ 'ಆಲ್ಟರ್ನೇಟಿವ್ ಫಾರ್ ಜರ್ಮನಿ' ಶೇ. 20.8 ಮತ ಗಳಿಸಿ ಎರಡನೆಯ ಸ್ಥಾನಕ್ಕೆ ಬಂತು. ಮನೆ, ಕೆಲಸಗಳ ಕೊರತೆಯನ್ನು ಇತರ ಪಕ್ಷಗಳು ಕಿವಿಗೆ ಹಾಕಿಕೊಳ್ಳದಿದ್ದರೆ, ಅದನ್ನು ಕೇಳಿಸಿಕೊಳ್ಳಲು ಬೇರೆಯವರು ಕಾದಿರುತ್ತಾರೆ. ಆದರೆ ಬ್ರಿಟನ್ನಿನ ಈ ಮೂರು ಚುನಾವಣೆಗಳು ಒಂದು ಮಾತನ್ನಂತೂ ಸ್ಪಷ್ಟಪಡಿಸುತ್ತವೆ: ಮತ ಹಾಕದೆ ಉಳಿದವರೂ ಫಲಿತಾಂಶವನ್ನು ನಿರ್ಧರಿಸುತ್ತಾರೆ.

ನಮ್ಮಲ್ಲಿ ಅನೇಕರು "ನಮ್ಮದು ಭಾರತದ ಪಾಸ್‌ಪೋರ್ಟು, ನಮಗೆಲ್ಲಿಯ ಮತ?" ಎನ್ನುವುದುಂಟು. ಇದು ತಪ್ಪು ತಿಳಿವಳಿಕೆ. ಕಾಮನ್‌ವೆಲ್ತ್ ದೇಶದ ಪ್ರಜೆಗಳಾದ ನಾವು, ಇಲ್ಲಿ ವಾಸಿಸಲು ಅನುಮತಿ ಇದ್ದರೆ, ಕೌನ್ಸಿಲ್ ಚುನಾವಣೆಗೂ ಪಾರ್ಲಿಮೆಂಟ್ ಚುನಾವಣೆಗೂ ಮತ ಹಾಕಬಹುದು. 2023ರಿಂದ ಇಂಗ್ಲೆಂಡಿನ ಮತಗಟ್ಟೆಗಳಲ್ಲಿ ಭಾವಚಿತ್ರವಿರುವ ಗುರುತುಪತ್ರ ಕೇಳುತ್ತಾರೆ. ಭಾರತದ ಪಾಸ್‌ಪೋರ್ಟು ಅದಕ್ಕೆ ನಡೆಯುತ್ತದೆ. ಆದರೆ ಮೊದಲು ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು.

ಸಂಘ ಯಾವ ಪಕ್ಷದ ಪರವೂ ಅಲ್ಲ. ಯಾರಿಗೆ ಮತ ಎಂಬುದು ಅವರವರ ಮನಸ್ಸಿಗೆ ಬಿಟ್ಟದ್ದು. ಕೌನ್ಸಿಲಿನಿಂದ ಬರುವ ನೋಂದಣಿ ಪತ್ರವನ್ನು ಮಾತ್ರ ಜಾಹೀರಾತುಗಳ ಜೊತೆ ಕಸದ ಬುಟ್ಟಿಗೆ ಹಾಕದೆ, ಮನೆಯಲ್ಲಿರುವ ಅರ್ಹರೆಲ್ಲರ ಹೆಸರನ್ನೂ ಸೇರಿಸಿ ಎಂದು ಸದಸ್ಯ ಕುಟುಂಬಗಳಲ್ಲಿ ನಮ್ಮ ವಿನಂತಿ.